ಬಿಡಿಸಿದ ಮಾತು, ಆಡಿದ ಮಾತು: ಕಾಮಿಕ್ಸ್ ಸಭಾವಾಚನವನ್ನು ಕುರಿತು

ಕವಿಯೊಬ್ಬರು ತಮ್ಮ ಕವಿತೆಯನ್ನು ಸಭೆಯಲ್ಲಿ ಓದುವಾಗ ಸಭಿಕರಿಗೆ ಪುಟ ಕಾಣಿಸದಿದ್ದರೆ ಹೆಚ್ಚಿನ ನಷ್ಟವಿಲ್ಲ. ಕಾದಂಬರಿಯ ಮಾತೂ ಬಹುಮಟ್ಟಿಗೆ ಹಾಗೆಯೇ. ಕಾಮಿಕ್ಸ್ ಕಲಾವಿದರು ಪುಸ್ತಕ ಹಿಡಿದು ವೇದಿಕೆಗೆ ಬಂದಾಗ ಮಾತ್ರ ತೊಡಕು ಆರಂಭವಾಗುತ್ತದೆ. ಅವರ ಕೃತಿಯಲ್ಲಿ ಮಾತು ಬರೆದದ್ದಲ್ಲ, ಬಿಡಿಸಿದ್ದು. ಅಕ್ಷರದ ದಪ್ಪ, ಅದರ ಓರೆ, ಗುಳ್ಳೆಯ ಅಂಚು ನಯವಾಗಿದೆಯೋ ಮುಳ್ಳುಮುಳ್ಳಾಗಿದೆಯೋ, ಗುಳ್ಳೆಯ ಬಾಲ ಯಾರ ಬಾಯಿಯ ಕಡೆಗೆ ಇಳಿದಿದೆ ಎಂಬ ವಿವರಗಳೆಲ್ಲ ಸೇರಿ ದನಿಯ ಕೆಲಸವನ್ನು ಪುಟದ ಮೇಲೆಯೇ ಮುಗಿಸಿಬಿಟ್ಟಿರುತ್ತವೆ. ಮುಗಿದ ಕೆಲಸದ ಮೇಲೆ ಇನ್ನೊಂದು ದನಿಯನ್ನು ಹೇರುವುದರಿಂದ ಆಗುವ ಲಾಭವೇನು? ಈ ಪ್ರಕಾರದ ಬಗೆಗಿನ ವಿಮರ್ಶೆ ಇದನ್ನು ಕೇಳಿಕೊಂಡದ್ದು ಕಡಿಮೆ. ಸಭಾವಾಚನವೆಂದರೆ ಪುಸ್ತಕ ಮಾರಾಟದ ಬೆನ್ನಿಗೆ ಬರುವ ಒಂದು ಉಪಚಾರ ಎಂಬ ಭಾವನೆಯೇ ಅದಕ್ಕೆ ಕಾರಣವಿರಬಹುದು.

ಉಪಚಾರವಲ್ಲದ ನಿದರ್ಶನಗಳಿವೆ. ನ್ಯೂಯಾರ್ಕಿನಲ್ಲಿ ಆರ್. ಸಿಕೋರ್ಯಾಕ್ 1997ರಿಂದ ನಡೆಸಿಕೊಂಡು ಬಂದಿರುವ 'ಕ್ಯಾರೊಸೆಲ್' ಎಂಬ ವಾಚನಮಾಲೆ ಅವುಗಳಲ್ಲಿ ಮುಖ್ಯವಾದುದು. ಸಿಕೋರ್ಯಾಕ್ ಅನುಕರಣವನ್ನೇ ಕಲೆಯಾಗಿಸಿಕೊಂಡವರು. ಅಭಿಜಾತ ಸಾಹಿತ್ಯಕೃತಿಗಳನ್ನು ಹಳೆಯ ಅಮೆರಿಕನ್ ಕಾಮಿಕ್ಸ್‌ಗಳ ಶೈಲಿಯಲ್ಲಿ ಮತ್ತೆ ಬಿಡಿಸಿದ ಅವರ 'ಮಾಸ್ಟರ್‌ಪೀಸ್ ಕಾಮಿಕ್ಸ್' 2009ರಲ್ಲಿ ಪ್ರಕಟವಾಯಿತು. ಕ್ಯಾರೊಸೆಲ್‌ನ ವಿಧಾನ ಸರಳ. ಪುಟವನ್ನು ಒಂದೊಂದು ಚೌಕವಾಗಿ ಕತ್ತರಿಸಿ ಪರದೆಯ ಮೇಲೆ ತೋರಿಸುತ್ತಾರೆ. ಬಿಡಿಸಿದವರೇ ಪಕ್ಕದಲ್ಲಿ ನಿಂತು ಓದುತ್ತಾರೆ. ಕೆಲವೊಮ್ಮೆ ಪಾತ್ರಗಳ ಮಾತನ್ನು ಬೇರೆಯವರು ಹಂಚಿಕೊಂಡು ಆಡುತ್ತಾರೆ, ಸದ್ದುಗಳನ್ನು ಬಾಯಿಂದಲೇ ಹೊರಡಿಸುತ್ತಾರೆ. ನಾಟಕವೆನ್ನಲು ಚಲನೆಯಿಲ್ಲ, ಸಿನಿಮಾ ಎನ್ನಲು ಚಿತ್ರ ಕದಲುವುದಿಲ್ಲ.

ಇಂಥ ವಾಚನಗಳಲ್ಲಿ ಪದೇ ಪದೇ ಎದುರಾಗುವ ಸಣ್ಣ ಸಂಗತಿಯೊಂದರಿಂದ ವಿಚಾರವನ್ನು ಆರಂಭಿಸಬಹುದು. ಗುಳ್ಳೆಯೊಳಗಿನ ಮಾತನ್ನು ಅಳಿಸದೆ ಚೌಕವನ್ನು ಪರದೆಗೆ ತಂದರೆ ಸಭಿಕರ ಕಣ್ಣು ವಾಚಕರ ಬಾಯಿಗಿಂತ ಮುಂದೆ ಓಡುತ್ತದೆ. ವಿನೋದದ ಮಾತಾದರೆ ನಗು ಮೊದಲು ಬರುತ್ತದೆ, ಮಾತು ಆಮೇಲೆ. ತಾವು ಆಗಲೇ ನಕ್ಕು ಮುಗಿಸಿದ ಮಾತನ್ನು ಸಭಿಕರು ಮತ್ತೊಮ್ಮೆ ಕೇಳಬೇಕಾಗುತ್ತದೆ. ಮಾತನ್ನು ಅಳಿಸಿ ತೋರಿಸಿದರೆ ಇನ್ನೊಂದು ತೊಂದರೆ: ಗುಳ್ಳೆಗೆಂದು ಬಿಟ್ಟಿದ್ದ ಜಾಗ ಖಾಲಿಯಾಗಿ ಚಿತ್ರದ ತೂಕ ತಪ್ಪುತ್ತದೆ, ಪಾತ್ರಗಳೆಲ್ಲ ಚೌಕದ ತಳಕ್ಕೆ ಕುಸಿದು ಕುಳಿತಂತೆ ಕಾಣುತ್ತವೆ. ಹೀಗಾಗಿ ವಾಚನಕ್ಕೆ ಹೊರಟ ಕಲಾವಿದರು ಅಳಿಸಬೇಕೋ ಉಳಿಸಬೇಕೋ ಎಂದು ಮೊದಲೇ ತೀರ್ಮಾನಿಸಬೇಕಾಗುತ್ತದೆ. ಹೊರನೋಟಕ್ಕೆ ತಾಂತ್ರಿಕವೆನಿಸುವ ಈ ತೀರ್ಮಾನದಲ್ಲಿ, ಈ ಕೃತಿಯ ಮಾತು ಕಣ್ಣಿಗೆ ಸೇರಿದ್ದೋ ಕಿವಿಗೆ ಸೇರಿದ್ದೋ ಎಂಬ ಪ್ರಶ್ನೆಯೇ ಅಡಗಿದೆ. ತೀರ್ಮಾನವನ್ನೇ ಮಾಡದೆ ಪುಸ್ತಕದ ಪುಟಗಳನ್ನು ಹಾಗೆಯೇ ಪರದೆಗೆ ಎಸೆದು ಓದುವ ವಾಚನಗಳು ನೀರಸವಾಗುವುದು ಈ ಕಾರಣಕ್ಕೆ. ದನಿಯ ಕೊರತೆ ಅಲ್ಲಿ ದೊಡ್ಡ ದೋಷವಲ್ಲ.

ಚೌಕಗಳನ್ನು ಬಿಡಿಸಿ ಒಂದರ ನಂತರ ಒಂದನ್ನು ತೋರಿಸುವಾಗ ಕಳೆದುಹೋಗುವುದು ಪುಟ. ಕಾಮಿಕ್ಸ್‌ನ ಸಿದ್ಧಾಂತಕಾರರಲ್ಲಿ ಸ್ಕಾಟ್ ಮೆಕ್‌ಕ್ಲೌಡ್ ತಮ್ಮ 1993ರ ಪುಸ್ತಕದಲ್ಲಿ ಎರಡು ಚೌಕಗಳ ನಡುವಿನ ಬಿಳಿ ಓಣಿಗೆ ಒತ್ತು ಕೊಟ್ಟರು. ಅಲ್ಲಿ ಘಟಿಸದ್ದನ್ನು ಓದುಗ ಮನಸ್ಸಿನಲ್ಲಿ ಘಟಿಸಿಕೊಳ್ಳುತ್ತಾನೆ ಎಂಬುದು ಅವರ ವಾದ. ಫ್ರೆಂಚಿನಲ್ಲಿ ಬರೆಯುವ ಥಿಯರಿ ಗ್ರೋನ್‌ಸ್ಟೀನ್ 1999ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಪಕ್ಕದ ಚೌಕಗಳಿಗಷ್ಟೇ ಅಲ್ಲದೆ ದೂರದೂರದ ಚೌಕಗಳಿಗೂ ನಡುವೆ ಹೆಣಿಗೆಯಿರುತ್ತದೆ ಎಂದರು. ಸಭಾವಾಚನ ಮೊದಲನೆಯದನ್ನು ಉಳಿಸಿಕೊಳ್ಳಬಲ್ಲದು, ಏಕೆಂದರೆ ಒಂದು ಚಿತ್ರ ಹೋಗಿ ಇನ್ನೊಂದು ಬರುವ ನಡುವಿನ ಮೌನವೂ ಒಂದು ಓಣಿಯೇ. ಎರಡನೆಯದನ್ನು ಅದು ಉಳಿಸಿಕೊಳ್ಳಲಾರದು. ರಿಚರ್ಡ್ ಮೆಗ್ವಾಯರ್ ಅವರ 'ಹಿಯರ್' ಇದಕ್ಕೆ ಕಠಿಣವಾದ ಪರೀಕ್ಷೆ. 1989ರಲ್ಲಿ 'ರಾ' ಪತ್ರಿಕೆಯಲ್ಲಿ ಆರು ಪುಟಗಳ ಕಾಮಿಕ್ಸ್ ಆಗಿ ಬಂದು 2014ರಲ್ಲಿ ಪುಸ್ತಕವಾಗಿ ಬೆಳೆದ ಈ ಕೃತಿಯಲ್ಲಿ ಒಂದು ಕೋಣೆಯ ಒಂದೇ ಮೂಲೆ ಇದೆ. ಅದರೊಳಗೆ ಬೇರೆ ಬೇರೆ ವರ್ಷಗಳ ಚೌಕಗಳು ಒಂದರ ಮೇಲೊಂದು ತೆರೆದುಕೊಳ್ಳುತ್ತವೆ. ನೂರು ವರ್ಷಗಳ ಅಂತರದಲ್ಲಿ ಆಡಿದ ಎರಡು ಮಾತುಗಳು ಒಂದೇ ಕ್ಷಣದಲ್ಲಿ ಕಾಣುತ್ತವೆ. ಬಾಯಿಗೆ ಒಮ್ಮೆಗೆ ಒಂದೇ ಮಾತು ಸಾಧ್ಯ. ಯಾವುದನ್ನು ಮೊದಲು ಓದಿದರೂ ಕೃತಿ ನಿರಾಕರಿಸಿದ ಕಾಲಕ್ರಮವನ್ನು ಅದರ ಮೇಲೆ ಹೇರಿದಂತಾಗುತ್ತದೆ.

ಹಾಗಾದರೆ ಕಾಮಿಕ್ಸ್ ಓದಿಸಿಕೊಳ್ಳಲು ಒಪ್ಪದ ಪ್ರಕಾರವೇ? ಇತಿಹಾಸ ಹಾಗೆ ಹೇಳುವುದಿಲ್ಲ. ಪತ್ರಿಕೆಯ ಪುಟಕ್ಕೆ ಅದು ಇನ್ನೂ ಹೊಸದಾಗಿದ್ದ ದಿನಗಳಲ್ಲಿಯೇ ಅದರ ಅತ್ಯಂತ ಸಮರ್ಥ ಕಲಾವಿದ ವೇದಿಕೆ ಏರಿದ್ದ. 'ಲಿಟ್ಲ್ ನೀಮೊ'ದ ವಿನ್ಸರ್ ಮೆಕೇ 1906ರ ಜೂನ್‌ನಲ್ಲಿ ನ್ಯೂಯಾರ್ಕಿನ ವಾಡೆವಿಲ್ ರಂಗಮಂದಿರದಲ್ಲಿ ಕರಿಹಲಗೆಯ ಮುಂದೆ ನಿಂತು, ಎದುರುಬದುರಾದ ಎರಡು ಮುಖಗಳನ್ನು ಬಿಡಿಸಿ, ಅಳಿಸಿ ತಿದ್ದುತ್ತ ಬಾಲ್ಯದಿಂದ ಮುಪ್ಪಿನವರೆಗೆ ಸಾಗಿಸುತ್ತಿದ್ದ. ಸಭಿಕರ ಮುಂದೆ ಚಿತ್ರ ವಯಸ್ಸಾಗುತ್ತಿತ್ತು. 1914ರ ಫೆಬ್ರವರಿಯಲ್ಲಿ ಶಿಕಾಗೋದಲ್ಲಿ ಮೊದಲು ತೋರಿಸಿದ 'ಗರ್ಟಿ' ಇದರ ಮುಂದಿನ ಘಟ್ಟ. ಪರದೆಯ ಮೇಲೆ ಚಲಿಸುವ ಡೈನೋಸಾರ್. ಪರದೆಯ ಪಕ್ಕದಲ್ಲಿ ಚಾವಟಿ ಹಿಡಿದ ಮೆಕೇ. ಅವನು ಆಜ್ಞೆ ಕೊಡುತ್ತಾನೆ, ಗರ್ಟಿ ಬಾಗುತ್ತದೆ. ಗದರುತ್ತಾನೆ, ಅದು ಅಳುತ್ತದೆ. ಹಣ್ಣು ಎಸೆದಂತೆ ಮಾಡುತ್ತಾನೆ, ಅದು ಬಾಯಲ್ಲಿ ಹಿಡಿಯುತ್ತದೆ. ಕೊನೆಯಲ್ಲಿ ಮೆಕೇ ಪರದೆಯ ಹಿಂದೆ ಮರೆಯಾಗಿ ಚಿತ್ರರೂಪದಲ್ಲಿ ಅದರೊಳಗೆ ಕಾಣಿಸಿಕೊಂಡು, ಗರ್ಟಿಯ ಮೇಲೆ ಕುಳಿತು ಹೊರಟುಹೋಗುತ್ತಾನೆ.

ಆ ಪ್ರದರ್ಶನಕ್ಕೆ ಮುಂದೆ ಆದ ಗತಿ ಇಲ್ಲಿನ ಚರ್ಚೆಗೆ ಇನ್ನೂ ಮುಖ್ಯ. ಮೆಕೇ ಕೆಲಸ ಮಾಡುತ್ತಿದ್ದ ಪತ್ರಿಕೆಯ ಒಡೆಯ ಹರ್ಸ್ಟ್ ಅವನ ರಂಗಪ್ರದರ್ಶನಗಳಿಗೆ ಕಡಿವಾಣ ಹಾಕಿದ. ಅದೇ ವರ್ಷ ವಿಲಿಯಂ ಫಾಕ್ಸ್‌ನ ಸಂಸ್ಥೆ 'ಗರ್ಟಿ'ಯನ್ನು ಎಲ್ಲೆಡೆಯ ಚಿತ್ರಮಂದಿರಗಳಿಗೆ ಹಂಚಲು ತೆಗೆದುಕೊಂಡಿತು. ಮೆಕೇ ಎಲ್ಲೆಡೆಗೂ ಹೋಗಲಾರನಷ್ಟೆ. ಹೀಗಾಗಿ ಅವನು ವೇದಿಕೆಯ ಮೇಲೆ ಆಡುತ್ತಿದ್ದ ಮಾತುಗಳನ್ನು ಬರಹದ ಫಲಕಗಳಾಗಿ ಚಿತ್ರದ ನಡುನಡುವೆ ಸೇರಿಸಲಾಯಿತು. ಆರಂಭಕ್ಕೆ ನಟರಿರುವ ಒಂದು ಕಥಾಭಾಗವನ್ನು ಹೊಂದಿಸಲಾಯಿತು. ಇಂದು ಚಲನಚಿತ್ರ ಇತಿಹಾಸದ ತರಗತಿಗಳಲ್ಲಿ ತೋರಿಸುವುದು ಈ ರೂಪವನ್ನು. ಅದನ್ನು ನೋಡುವವರಿಗೆ ಗರ್ಟಿ ಯಾಕೆ ಆಗಾಗ ನಿಂತು ಪರದೆಯ ಹೊರಗೆ ಎಲ್ಲೋ ನೋಡುತ್ತದೆ ಎಂದು ವಿಚಿತ್ರವೆನಿಸಬಹುದು. ಅದು ನೋಡುವುದು ಮೆಕೇ ನಿಂತಿದ್ದ ಜಾಗವನ್ನು. ದನಿಯನ್ನು ಬರಹವಾಗಿಸಿದಾಗ ಕೃತಿ ದೂರ ಪ್ರಯಾಣ ಮಾಡಿತು, ಭಾಷಾಂತರಕ್ಕೂ ಅನುಕೂಲವಾಯಿತು. ಆದರೆ ಚಿತ್ರದ ದೃಷ್ಟಿ ಈಗಲೂ ಇಲ್ಲದ ಮನುಷ್ಯನ ಮೇಲೆ ನೆಟ್ಟಿದೆ.

ಜಪಾನಿನ ಕಾಮಿಶಿಬಾಯಿಯಲ್ಲಿ ಇದೇ ಸಂಬಂಧ ಬೇರೊಂದು ರೀತಿಯಲ್ಲಿ ಏರ್ಪಟ್ಟಿತ್ತು. 1930ರ ಸುಮಾರಿಗೆ ಟೋಕಿಯೋದ ಬೀದಿಗಳಲ್ಲಿ ಬೆಳೆದ ಈ ಚಿತ್ರಕಥನದಲ್ಲಿ ಸೈಕಲ್ ಮೇಲೆ ಬಂದ ಕಥೆಗಾರ ಮರದ ಚೌಕಟ್ಟನ್ನು ನಿಲ್ಲಿಸಿ, ಮಕ್ಕಳಿಗೆ ಮಿಠಾಯಿ ಮಾರಿ, ಚಿತ್ರದ ಹಾಳೆಗಳನ್ನು ಒಂದೊಂದಾಗಿ ಹೊರಗೆಳೆಯುತ್ತ ಕಥೆ ಹೇಳುತ್ತಿದ್ದ. ಮಿಠಾಯಿಯೇ ಟಿಕೆಟ್ಟು. ಕೈಯಿಂದ ಬರೆದ ಹಾಳೆಗಳು ಬಾಡಿಗೆಗೆ ಕೈಬದಲಾಗುತ್ತಿದ್ದವು. ದೂರದರ್ಶನ ಬಂದಾಗ ಜನ ಅದನ್ನು ವಿದ್ಯುತ್ ಕಾಮಿಶಿಬಾಯಿ ಎಂದು ಕರೆದದ್ದುಂಟು. ಅದರ ಮುಂದೆ ಬೀದಿಯ ಕಥೆಗಾರ ನಿಲ್ಲಲಿಲ್ಲ. ಮಿಜುಕಿ ಶಿಗೆರು ಮೊದಲಾದ ಚಿತ್ರಕಾರರು ಕಾಮಿಶಿಬಾಯಿ ಬರೆಯುತ್ತಿದ್ದವರು, ಮುಂದೆ ಮಂಗಾಕ್ಕೆ ಬಂದರು. ಆದ್ದರಿಂದ ಜಪಾನಿನಲ್ಲಿ ಸಭಾವಾಚನವನ್ನು ಕಾಮಿಕ್ಸ್‌ಗೆ ಆಮೇಲೆ ಅಂಟಿಸಿದ ಅಲಂಕಾರವೆನ್ನಲಾಗದು. ಅಲ್ಲಿ ಅದು ಪೂರ್ವಜರಲ್ಲೊಬ್ಬ. ಶಾಲೆಗಳಿಗಾಗಿ ಅಚ್ಚಾದ ಕಾಮಿಶಿಬಾಯಿಯ ರಚನೆ ಗಮನಾರ್ಹವಾಗಿದೆ. ಚಿತ್ರ ಹಾಳೆಯ ಮುಂದಿನ ಮುಖದಲ್ಲಿ, ಮಾತು ಹಿಂದಿನ ಮುಖದಲ್ಲಿ. ಮೊದಲ ಹಾಳೆಯನ್ನು ಎಳೆದು ಕಟ್ಟಿನ ಹಿಂದಕ್ಕೆ ಸೇರಿಸಿದಾಗ ಎರಡನೆಯ ಚಿತ್ರದ ಮಾತು ಓದುವವನ ಕಣ್ಣಿಗೆ ಬೀಳುತ್ತದೆ. ನೋಡುವವರಿಗೆ ಅಕ್ಷರ ಕಾಣುವುದೇ ಇಲ್ಲ. ಅಳಿಸಬೇಕೋ ಉಳಿಸಬೇಕೋ ಎಂಬ ಕ್ಯಾರೊಸೆಲ್‌ನ ಗೊಂದಲ ಇಲ್ಲಿ ಹುಟ್ಟುವುದಿಲ್ಲ. ಹಾಳೆಗೆ ಎರಡು ಮುಖವಿರುವುದರಿಂದಲೇ ಅದು ಬಗೆಹರಿದಿದೆ.

ಇಷ್ಟು ಹೇಳಿದ ಮೇಲೆ ಭಾರತದ ಮಾತು ಬರಲೇಬೇಕು. ಬಾಣನ 'ಹರ್ಷಚರಿತ'ದಲ್ಲಿ, ತಂದೆಯ ಅಸ್ವಸ್ಥತೆಯ ಸುದ್ದಿ ಕೇಳಿ ಮರಳುವ ಹರ್ಷನಿಗೆ ಪೇಟೆಯ ಬೀದಿಯಲ್ಲಿ ಒಬ್ಬ ಯಮಪಟ್ಟಿಕ ಕಾಣಿಸುತ್ತಾನೆ: ಸುತ್ತ ಕುತೂಹಲದ ಮಕ್ಕಳು, ಕೋಲಿಗೆ ಹರಡಿದ ಚಿತ್ರಪಟ, ತೋರಿಸಲು ಕೈಯಲ್ಲೊಂದು ಕಡ್ಡಿ. 'ಮುದ್ರಾರಾಕ್ಷಸ'ದಲ್ಲಿ ಚಾಣಕ್ಯನ ಗೂಢಚಾರ ತೊಡುವ ವೇಷವೂ ಇದೇ. ವಿಕ್ಟರ್ ಮೇರ್ 1988ರ ತಮ್ಮ ಗ್ರಂಥದಲ್ಲಿ ಚೀನಾದ ಚಿತ್ರಕಥನಕ್ಕೆ ಭಾರತೀಯ ಮೂಲವನ್ನು ವಾದಿಸಿ, ಪಟ ತೋರಿಸಿ ಕಥೆ ಹೇಳುವ ಪದ್ಧತಿಯ ಏಷ್ಯಾವ್ಯಾಪಿ ನಂಟನ್ನು ಬಿಡಿಸಿದ್ದಾರೆ. ಇಂಥ ಆಧಾರಗಳು ಕೈಗೆ ಸಿಕ್ಕೊಡನೆ ಕಾಮಿಕ್ಸ್ ನಮ್ಮಲ್ಲೇ ಹುಟ್ಟಿತು ಎಂದು ಘೋಷಿಸುವ ಉತ್ಸಾಹವೂ ಕಾಣಿಸಿಕೊಳ್ಳುತ್ತದೆ. ವಂಶಾವಳಿಯ ಹೆಮ್ಮೆ ವಿಮರ್ಶೆಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಉಪಯೋಗಕ್ಕೆ ಬರುವುದು, ಗಡಿಯ ಆಚೀಚೆ ಇಂದಿಗೂ ಉಳಿದಿರುವ ಒಂದು ಏರ್ಪಾಟು.

ಸಿಂಧುದುರ್ಗ ಜಿಲ್ಲೆಯ ಪಿಂಗುಳಿಯಲ್ಲಿ, ಗೋವೆಯ ಗಡಿಗೆ ಸಮೀಪದಲ್ಲಿ, ಠಾಕರ ಸಮುದಾಯದ ಚಿತ್ರಕಥಿಗಳು ಬಿಡಿ ಹಾಳೆಯ ಚಿತ್ರಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ ಕಟ್ಟಾಗಿ ಇಟ್ಟುಕೊಳ್ಳುತ್ತಾರೆ. ಆ ಕಟ್ಟಿಗೆ ಪೋಥಿ ಎಂದೇ ಹೆಸರು. ಗ್ರಂಥವೆಂಬ ಅರ್ಥದ ಆ ಪೋಥಿಯೊಳಗೆ ಓದಬೇಕಾದದ್ದು ಅಕ್ಷರವಲ್ಲ. ಕಥೆ ಹಾಡುವವರ ನೆನಪಿನಲ್ಲಿದೆ. ಆಂಧ್ರದ ಹಳೆಯ ಅನಂತಪುರ ಜಿಲ್ಲೆಗೆ ಸೇರಿದ್ದ ನಿಮ್ಮಲಕುಂಟದ ತೋಲುಬೊಮ್ಮಲಾಟದವರು ಮನೆಯಲ್ಲಿ ಮರಾಠಿ ಮೂಲದ ಮಾತಾಡುತ್ತಾರೆ, ಪರದೆಯ ಹಿಂದೆ ತೆಲುಗಿನಲ್ಲಿ ಹಾಡುತ್ತಾರೆ. ಅವರಿಗೆ ನಂಟಿರುವ ಕಿಳ್ಳೇಕ್ಯಾತರು ಕರ್ನಾಟಕದಲ್ಲಿ ಆಡಿಸುವುದು ಕನ್ನಡದಲ್ಲಿ. ಆಂಧ್ರದ ಗೊಂಬೆಗಳು ಸಾಮಾನ್ಯವಾಗಿ ದೊಡ್ಡವು, ಕೀಲುಳ್ಳವು. ಕರ್ನಾಟಕದ ತೊಗಲುಗೊಂಬೆಗಳಲ್ಲಿ ಬಹಳಷ್ಟು ಸಣ್ಣವು. ಅವುಗಳಲ್ಲಿ ಒಂದೇ ತೊಗಲಿನ ಹಾಳೆಯೊಳಗೆ ರಥ, ಕುದುರೆ, ಸಾರಥಿ, ವೀರ ಎಲ್ಲರನ್ನೂ ಕೊರೆದ ಸಮೂಹಗೊಂಬೆಗಳಿವೆ. ಅವು ಕೈಕಾಲು ಆಡಿಸುವ ಗೊಂಬೆಗಳೇ ಅಲ್ಲ, ಬೆಳಕಿಗೆ ಹಿಡಿದ ಚೌಕಗಳು. ಕಾಮಿಕ್ಸ್ ವಾಚನಕ್ಕೆ ಕನ್ನಡದಲ್ಲಿ ಹತ್ತಿರದ ಬಂಧು ಹುಡುಕುವವರು ಈ ಸಮೂಹಗೊಂಬೆಯನ್ನು ಮೊದಲು ನೋಡಬೇಕು. ಚಿತ್ರಕಲಾ ಪರಿಷತ್ತಿಗಾಗಿ ಎಂ. ಎಸ್. ನಂಜುಂಡರಾವ್ ಸಂಗ್ರಹಿಸಿದ ಗೊಂಬೆಗಳಲ್ಲಿ ಕೊರೆತದ ಸೂಕ್ಷ್ಮವೆಲ್ಲ ಉಳಿದಿದೆ. ಗಾಜಿನ ಹಿಂದಿನ ಗೊಂಬೆಗೆ ದನಿಯಿಲ್ಲ. 2025ರಲ್ಲಿ ಕೊಪ್ಪಳ ಜಿಲ್ಲೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಾಗ ಗೌರವ ಸಂದದ್ದು ಗೊಂಬೆಯ ಕೆತ್ತನೆಗೆ ಮಾತ್ರವಲ್ಲ, ಆ ದನಿಗೂ ಹೌದು.

ಮುಖ್ಯವಾದ ಮಾತು ಇಲ್ಲಿದೆ. ಈ ಎಲ್ಲ ಪದ್ಧತಿಗಳಲ್ಲಿ ಚಿತ್ರಕ್ಕೆ ಭಾಷೆಯಿಲ್ಲ. ಭಾಷೆ ತೋರಿಸುವವರ ಬಾಯಲ್ಲಿದೆ, ಊರು ಬದಲಾದರೆ ಅದೂ ಬದಲಾಗಬಲ್ಲದು. ಅಚ್ಚಿನ ಕಾಮಿಕ್ಸ್ ಮಾಡಿದ ದೊಡ್ಡ ಬದಲಾವಣೆಯೆಂದರೆ ಭಾಷೆಯನ್ನು ಚಿತ್ರದೊಳಗೆ ಕೂರಿಸಿದ್ದು. ಆಮೇಲೆ ಭಾಷಾಂತರವೆಂದರೆ ಗುಳ್ಳೆ ಖಾಲಿಮಾಡಿ ಮತ್ತೆ ತುಂಬುವ ಕೆಲಸವಾಯಿತು. ಕನ್ನಡಕ್ಕೆ ಇದರ ಅನುಭವ ಬೇಗನೆ ಆಗಿದೆ. 'ಅಮರ ಚಿತ್ರ ಕಥೆ' ಮಾಲೆಯ ಮೊದಲ ಹತ್ತು ಸಂಚಿಕೆಗಳು 1965ರ ಸುಮಾರಿಗೆ ಬೆಂಗಳೂರಿನ ಐಬಿಎಚ್‌ನ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ಕನ್ನಡದಲ್ಲಿ ಬಂದ ಪಾಶ್ಚಾತ್ಯ ಕಥೆಗಳು. ಅನಂತ ಪೈ ಅವರ 'ಕೃಷ್ಣ'ಕ್ಕೆ ಹನ್ನೊಂದನೆಯ ಸಂಖ್ಯೆ ಬಿದ್ದದ್ದು ಅದಕ್ಕಾಗಿ. ಇಂಗ್ಲಿಷಿಗೆಂದು ಅಳೆದ ಗುಳ್ಳೆಯಲ್ಲಿ ಕನ್ನಡ ಕೂರಬೇಕು. ಒತ್ತಕ್ಷರಗಳು ಸಾಲಿನ ಕೆಳಗೆ ಜಾಗ ಬೇಡುತ್ತವೆ; ಸಾಲುಗಳನ್ನು ಹತ್ತಿರ ತಂದರೆ ಒಂದರ ಒತ್ತು ಇನ್ನೊಂದರ ತಲೆಕಟ್ಟಿಗೆ ತಾಗುತ್ತದೆ. ಅಮೆರಿಕನ್ ಕಾಮಿಕ್ಸ್‌ನ ಗುಳ್ಳೆಗಳು ದೊಡ್ಡಕ್ಷರಗಳಿಂದಲೇ ತುಂಬಿರುವುದು ವಾಡಿಕೆ, ಕೂಗಿಗೂ ಪಿಸುಮಾತಿಗೂ ಅವು ದಪ್ಪ-ತೆಳುವಿನ ಆಟವಾಡುತ್ತವೆ. ಕನ್ನಡದಲ್ಲಿ ದೊಡ್ಡಕ್ಷರ-ಸಣ್ಣಕ್ಷರಗಳ ಭೇದವೇ ಇಲ್ಲ. ಕೂಗನ್ನು ದೀರ್ಘವನ್ನು ಎಳೆದೋ ಗಾತ್ರ ಹಿಗ್ಗಿಸಿಯೋ ಆಶ್ಚರ್ಯಸೂಚಕಗಳನ್ನು ಸುರಿದೋ ತೋರಿಸಬೇಕು. ಅಚ್ಚುಮೊಳೆಯಲ್ಲಿ ಕೂರಿಸಿದ ಗುಳ್ಳೆಗಳಲ್ಲಿ ರಾಕ್ಷಸನೂ ಮಗುವೂ ಒಂದೇ ಅಕ್ಷರದಲ್ಲಿ ಮಾತಾಡುತ್ತಾರೆ. ಹೀಗಾಗಿ ಕನ್ನಡದ ಕಾಮಿಕ್ಸ್ ಪುಟ ಬಾಯಿಗೆ ಬಿಟ್ಟುಕೊಡುವ ಕೆಲಸ ಇಂಗ್ಲಿಷಿನ ಪುಟಕ್ಕಿಂತ ಹೆಚ್ಚು. ಆರಂಭದಲ್ಲಿ ಎತ್ತಿದ ಪ್ರಶ್ನೆಗೆ, ಮುಗಿದ ಕೆಲಸದ ಮೇಲೆ ದನಿಯೇಕೆ ಎಂಬುದಕ್ಕೆ, ಕನ್ನಡದಲ್ಲಿ ಸಿಗುವ ಉತ್ತರವೇ ಬೇರೆ: ಇಲ್ಲಿ ಕೆಲಸ ಮುಗಿದಿರುವುದಿಲ್ಲ.

ಇದಕ್ಕೆ ಒಂದು ಅಪವಾದ ಮನಸ್ಸಿನಲ್ಲಿರಬೇಕು. 2011ರ 'ಭೀಮಾಯಣ'ದಲ್ಲಿ ಪರಧಾನ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಚೌಕಗಳನ್ನೇ ಬಿಟ್ಟುಕೊಟ್ಟರು; ಮೃದುವಾದ ಮಾತಿಗೆ ಹಕ್ಕಿಯ ಆಕಾರದ ಗುಳ್ಳೆ, ಕುಟುಕುವ ಮಾತಿಗೆ ಚೇಳಿನ ಬಾಲವುಳ್ಳ ಗುಳ್ಳೆ. ಅಂಬೇಡ್ಕರರಿಗೆ ನೀರು ನಿರಾಕರಿಸುವ ಮಾತಿನಲ್ಲಿ ಜಾತಿಯ ವಿಷವಿದೆಯೆಂದು ತಿಳಿಯಲು ಅದನ್ನು ಕೇಳಬೇಕಾಗಿಲ್ಲ, ನೋಡಿದರೆ ಸಾಕು. ಇದನ್ನು ಸಭೆಯಲ್ಲಿ ಓದುವವರು ಚೇಳಿನ ಮಾತನ್ನು ಕೆರಳಿದ ದನಿಯಲ್ಲಿ ಆಡಿದರೆ ಚಿತ್ರ ಹೇಳಿದ್ದನ್ನೇ ಎರಡನೆಯ ಸಲ ಹೇಳಿದಂತೆ. ತಣ್ಣಗಿನ, ದಿನನಿತ್ಯದ ದನಿಯಲ್ಲಿ ಆಡಿದರೆ ಬಾಲಕ್ಕೂ ದನಿಗೂ ನಡುವಿನ ಅಂತರದಲ್ಲಿ ಹೊಸದೊಂದು ಅರ್ಥ ಮೂಡುತ್ತದೆ, ಏಕೆಂದರೆ ಅಂಥ ಮಾತು ಎಷ್ಟೋ ಸಲ ತಣ್ಣಗೇ ಬರುತ್ತದೆ. ಸಮರ್ಥ ವಾಚನಕ್ಕೆ ಅಭಿನಯದ ಅತಿರೇಕ ಶತ್ರು ಎಂದು ಸಾಮಾನ್ಯವಾಗಿಯೇ ಹೇಳಬಹುದು.

ಬೆನ್ ಕ್ಯಾಚರ್ ಈ ಅಂತರವನ್ನು ಪುಟದ ಮೇಲೆಯೇ ಕಟ್ಟಿಕೊಂಡ ಕಲಾವಿದ. 1988ರಲ್ಲಿ ಆರಂಭವಾದ 'ಜೂಲಿಯಸ್ ನಿಪ್ಲ್' ಸಾಲುಚಿತ್ರದಲ್ಲಿ ಚೌಕದ ಮೇಲ್ಭಾಗದ ನಿರೂಪಣೆ ಒಂದು ದಾರಿ ಹಿಡಿದರೆ ಗುಳ್ಳೆಯೊಳಗಿನ ಮಾತು ಇನ್ನೊಂದು ದಾರಿ ಹಿಡಿಯುತ್ತದೆ. ಎರಡೂ ಒಂದೇ ಬೀದಿಯಲ್ಲಿ ಪರಸ್ಪರ ಗಮನಿಸದೆ ನಡೆಯುವ ಇಬ್ಬರಂತೆ. ಅದು ರೇಡಿಯೊಗೂ ಹೋಯಿತು, ಜೆರ್ರಿ ಸ್ಟಿಲ್ಲರ್ ನಿಪ್ಲ್‌ಗೆ ದನಿ ಕೊಟ್ಟರು. ಮುಂದೆ ಸಂಗೀತಗಾರ ಮಾರ್ಕ್ ಮಲ್ಕಾಹಿ ಜೊತೆಗೂಡಿ ಕ್ಯಾಚರ್ ರಂಗಕೃತಿಗಳನ್ನು ರಚಿಸಿದರು. ಅಲ್ಲಿ ಬಿಡಿಸಿದ ಚಿತ್ರಗಳ ಮುಂದೆ ನಟರು ಹಾಡುತ್ತಾರೆ. ನಮ್ಮ ಗಮಕದ ಏರ್ಪಾಟು ಇದಕ್ಕೆ ದೂರವಲ್ಲ. ಒಬ್ಬರು ಪದ್ಯವನ್ನು ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ. ಕಾವ್ಯ ಇಬ್ಬರ ನಡುವೆ ಇರುತ್ತದೆ. ಗಮಕದ ಶ್ರೋತೃಗಳಿಗೆ ಕಥೆ ಮೊದಲೇ ಗೊತ್ತು. ಕಾಮಿಕ್ಸ್ ಸಭೆಯಲ್ಲಿ ಕಣ್ಣಿಗೆ ಮೊದಲೇ ಗೊತ್ತಾಗುತ್ತದೆ. ಎರಡರಲ್ಲೂ ದನಿಯ ಕೆಲಸ ಸುದ್ದಿ ತಿಳಿಸುವುದಲ್ಲ.

ಗಡಿನಾಡಿನ ಕನ್ನಡಕ್ಕೆ ಈ ಚರ್ಚೆಯಲ್ಲಿ ಆಸಕ್ತಿ ಏಕಿರಬೇಕೆಂಬುದು ಈಗ ಸ್ಪಷ್ಟವಾಗಬಹುದು. ಅಕ್ಕಲಕೋಟೆ, ಜತ್ತ, ತಾಳವಾಡಿಗಳಂಥ ಕಡೆ ಮನೆಯ ಮಾತು ಕನ್ನಡವಾಗಿದ್ದು ಶಾಲೆಯ ಲಿಪಿ ಮರಾಠಿಯದೋ ತಮಿಳಿನದೋ ಆಗಿರುವ ಮಕ್ಕಳಿದ್ದಾರೆ. ಕಿವಿಯ ಕನ್ನಡಕ್ಕೆ ಅವರಲ್ಲಿ ಕೊರತೆಯಿಲ್ಲ, ಕಣ್ಣಿನ ಕನ್ನಡ ಅವರಿಗೆ ಬಂದಿಲ್ಲ. ಅಚ್ಚಿನ ಕನ್ನಡ ಕಾಮಿಕ್ಸ್ ಅವರ ಕೈಗೆ ಬಂದರೆ ಚಿತ್ರ ಅವರದು, ಗುಳ್ಳೆ ಬೇರೆಯವರದು. ಸಭಾವಾಚನದಲ್ಲಿ ಈ ಬೇಲಿ ತಾನಾಗಿ ಬೀಳುತ್ತದೆ. ಇದನ್ನು ಲಿಪಿ ಕಲಿಸುವುದಕ್ಕೆ ಬದಲಿಯೆಂದು ತಿಳಿದರೆ ಅಪಾಯವಿದೆ. ಕನ್ನಡ ಶಾಲೆಯ ಕೋಣೆ ಮುಚ್ಚಲು ನೆಪ ಹುಡುಕುವವರಿಗೆ ಇಂಥ ಕಾರ್ಯಕ್ರಮ ಅಗ್ಗದ ಸಮಾಧಾನವಾಗಿಬಿಡಬಹುದು. ಅದೇನೇ ಇರಲಿ, ಬೇಲಿ ಬಿದ್ದೊಡನೆ ಇನ್ನೊಂದು ಸಮಸ್ಯೆ ಎದುರಾಗುತ್ತದೆ. ಗುಳ್ಳೆಯಲ್ಲಿ ಅಚ್ಚಾಗುವುದು ಶಿಷ್ಟ ಕನ್ನಡ. ಕಾಸರಗೋಡಿನ ಸಭೆಯಲ್ಲಿ ಹವ್ಯಕರ ಮನೆಯವರು ಅದನ್ನು ಓದುವಾಗ, ಸೊಲ್ಲಾಪುರದಲ್ಲಿ ಮರಾಠಿ ಬೆರೆತ ಬಡಗಣ ಮಾತಿನವರು ಓದುವಾಗ, ನೀಲಗಿರಿಯಲ್ಲಿ ಬಡಗ ಮಾತಿನವರು ಓದುವಾಗ, ಅಚ್ಚಿಗೆ ನಿಷ್ಠರಾಗಿರಬೇಕೋ ಬಾಯಿಗೋ? ಪರದೆಯ ಮೇಲೆ ಒಂದು ಕನ್ನಡ, ಕಿವಿಗೆ ಇನ್ನೊಂದು ಕನ್ನಡ ಬಿದ್ದರೆ, ಮೊದಲೇ ಬಂದ ನಗುವಿನಂತೆ ಇಲ್ಲಿಯೂ ಒಂದು ಬಿರುಕು ಕಾಣುತ್ತದೆ. ಆ ಬಿರುಕಿನಲ್ಲಿ ತಮ್ಮ ಮಾತು ತಪ್ಪು ಎಂದು ಮಕ್ಕಳು ಕಲಿಯುತ್ತಾರೆ.

ಹಾಳೆಯ ಎರಡು ಮುಖದ ಕಾಮಿಶಿಬಾಯಿ ಮಾದರಿ ಇಂಥ ಕಡೆ ಪರದೆಗಿಂತ ಹೆಚ್ಚು ಉಪಯುಕ್ತ. ಚಿತ್ರ ಎಲ್ಲರಿಗೂ ಒಂದೇ ಇರಲಿ; ಬೆನ್ನಿನ ಮಾತನ್ನು ಆಯಾ ಊರಿನವರು ಬರೆದುಕೊಳ್ಳಲಿ. ಜತ್ತದಲ್ಲಿ ಓದುವ ಹುಡುಗಿಗೆ ದೇವನಾಗರಿ ಮಾತ್ರ ಗೊತ್ತಿದ್ದರೆ ತನ್ನ ಕನ್ನಡವನ್ನು ಅವಳು ದೇವನಾಗರಿಯಲ್ಲಿ ಬರೆದುಕೊಂಡು ಓದಬಹುದು, ತಾಳವಾಡಿಯ ಹುಡುಗ ತಮಿಳು ಲಿಪಿಯಲ್ಲಿ. ಇದಕ್ಕೆ ಆಕ್ಷೇಪ ಬರುವುದು ಖಂಡಿತ, ಲಿಪಿಯನ್ನೇ ಭಾಷೆಯೆಂದು ತಿಳಿದವರಿಂದ ಮೊದಲು. ಅವರಿಗಿಂತ ಗಂಭೀರವಾದ ತಕರಾರು ಕಲಾವಿದರದು. ಬಿಡಿಸಿದ ಅಕ್ಷರವೂ ತಮ್ಮ ಕೃತಿಯ ಭಾಗವೆಂದು ನಂಬಿದ ಚಿತ್ರಕಾರರು ಬೆನ್ನನ್ನು ಖಾಲಿ ಬಿಟ್ಟುಕೊಡಲು ಒಪ್ಪಬೇಕು. ಹಾಗೆ ಬಿಟ್ಟುಕೊಟ್ಟ ಮೇಲೆ ಗುಳ್ಳೆಯಿಲ್ಲದೆಯೂ ತೂಕ ತಪ್ಪದಂತೆ ಚೌಕವನ್ನು ಮೊದಲಿನಿಂದಲೇ ಬೇರೆಯಾಗಿ ರಚಿಸಬೇಕು. ಪಾತ್ರಗಳ ತಲೆಯ ಮೇಲೆ ಮಾತಿಗೆಂದು ಕಾದಿರಿಸುವ ಜಾಗವನ್ನು ಆಗ ಏನಕ್ಕೆ ಬಳಸುವರೆಂಬುದನ್ನು ಅವರ ಕರಡು ಹಾಳೆಗಳೇ ತೋರಿಸಬೇಕು.